ಮಾವನಲ್ಲ ಊರಿನ ಹಸು ಕಳ್ಳಿ ತಿಂದ ಬೇಸಿಗೆ

ಕಾಡಂಚಿನ ನಮ್ಮ ಮಾವನಲ್ಲ ಊರಲ್ಲಿ ಬೇಸಿಗೆ ಬಂತೆಂದರೆ ಹುಲ್ಲು ಹುಡುಕಿ ಹೊರಟ ಎಮ್ಮೆ ತನ್ನ ನೆರಳನ್ನೇ ಮೂಸಿ ನೋಡುತ್ತದೆ. ನಾನೇ ಕಂಡಿದ್ದೇನೆ. ಆಗಲೂ ಹಸಿರಾಗಿ ನಿಲ್ಲುವುದು ಬೇಲಿಯ ಪಾಪಾಸುಕಳ್ಳಿ ಒಂದೇ. ಅದರ ಮುಳ್ಳು ಎಂಥದ್ದೆಂದರೆ, ಆನೆ ಕೂಡ ಅನುಮತಿ ಕೇಳಿ ದಾಟುತ್ತದೆ.

ಈ ಬೇಸಿಗೆ ಮಲ್ಲಾಜಮ್ಮನ ಹಸು ಕೆಂದಿಯ ಪಕ್ಕೆಲುಬುಗಳು ಎದ್ದು ಕಂಡವು.

"ತಿಂಗಳ ಕೊನೇಗೆ ದನದ ದಲ್ಲಾಳಿ ಬತ್ತಾನೆ. ಕೊಟ್ಬುಡಾನ," ಎಂದ ಗಂಡ ಚೆನ್ನಯ್ಯ.

ಮಲ್ಲಾಜಮ್ಮ ಹಸುವಿನ ಬೆನ್ನು ಸವರಿದಳು. ಅವಳ ತವರಿಂದ ಬಂದ ಹಸುವಿನ ಮೊಮ್ಮಗಳು ಆ ಕೆಂದಿ.

ಪಕ್ಕದ ಮನೆಯ ತಂಗಮಣಿ ಬೇಲಿಯಾಚೆಯಿಂದ ಹೇಳಿದಳು: "ಅಕ್ಕಾ, ಕಳ್ಳಿ ಎಲೆ ಹಾಕಿ. ನಮ್ಮ ಹಸು, ಆಡು ಎಲ್ಲಾ ತಿಂತಾವೆ. ಮುಳ್ಳು ಪೂರಾ ಸುಡಬೇಕು. ಆಮೇಲೆ..."

"ಗೊತ್ತಾಯ್ತು ಬುಡಮ್ಮಿ," ಎಂದು ಚೆನ್ನಯ್ಯ ಮಚ್ಚು ಹಿಡಿದು ಹೊರಟ. ಅರ್ಧ ಮಾತಿಗೇ ಪೂರ್ತಿ ಅರ್ಥವಾಗುವುದು ನಮ್ಮೂರ ಗಂಡಸರ ವಿಶೇಷ.

ಮುಳ್ಳು ಸುಟ್ಟು ಒಂದು ಮಂಕರಿ ಕಳ್ಳಿ ಸುರಿದ. ಕೆಂದಿ ಚಪ್ಪರಿಸಿ ತಿಂದಿತು. ಮರುದಿನ ಸಗಣಿ ನೀರಾಗಿ ಬೀದಿಯವರೆಗೆ ಹರಿಯಿತು. ನಾವೋ ಸಗಣಿ ಒಣಗಿಸಿ ತೋಟಗಳಿಗೆ ಮಾರುವ ಜನ. ಹಸುವಿನ ಹಾಲಿಗಿಂತ ಮೊದಲು ಸಗಣಿ ನೋಡುತ್ತೇವೆ. ಬೀದಿಯೆಲ್ಲ ಬಂದು ನೋಡಿ, ಮೂಗು ಮುಚ್ಚಿಕೊಂಡೇ ಸಲಹೆ ಕೊಟ್ಟು ಹೋಯಿತು.

"ಹಸೂನ ಸಾಯ್ಸಕ್ಕೆ ಹೇಳ್ಕೊಟ್ಟೆಯಾ ತಂಗಮಣಿ?" ಮಲ್ಲಾಜಮ್ಮನ ಕಣ್ಣು ತುಂಬಿತ್ತು.

"ಜೊತೆಗೆ ಹುಲ್ಲು ಹಾಕಿದ್ರಾ ಅಕ್ಕಾ?"

"ಕಳ್ಳಿ ಇರೋವಾಗ ಹುಲ್ಲ್ಯಾಕೆ ಅಂದ್ರು ನಮ್ಮ ಯಜಮಾನ್ರು."

ತಂಗಮಣಿ ಚೆನ್ನಯ್ಯನ ಕಡೆ ತಿರುಗಿದಳು. "ಅಣ್ಣಾ, ಕಳ್ಳೀಲಿ ಇರೋದು ಬಹುಪಾಲು ನೀರು. ಮೂರು ಹೊತ್ತೂ ಬರೀ ಮಜ್ಜಿಗೆ ಕುಡಿದ್ರೆ ನಿಮಗೂ ಇದೇ ಗತಿ. ಈಗ ಕಳ್ಳಿ ನಿಲ್ಸಿ, ಕೂಡಿಟ್ಟಿರೋ ಒಣಹುಲ್ಲು ಹಾಕಿ. ಭೇದಿ ನಿಲ್ಲದಿದ್ರೆ ದನದ ಡಾಕ್ಟರನ್ನ ಕರೀರಿ. ಸರಿಹೋದ ಮೇಲೆ ಒಂದೊಂದು ಹಿಡಿಯಿಂದ ಶುರು ಮಾಡಿ. ಸಣ್ಣಗೆ ಕೊಚ್ಚಿ, ಹುಲ್ಲು, ಸ್ವಲ್ಪ ಕಡಲೆಹಿಂಡಿ ಕಲಸಿ."

ಈ ಸಲ ಚೆನ್ನಯ್ಯ ಬಾಯಿ ಮುಚ್ಚಿಕೊಂಡು ಕೇಳಿದ. ಕೇಳಿದಂತೆಯೇ ಮಾಡಿದ. ಸಗಣಿ ಗಟ್ಟಿಯಾಯಿತು. ಕೆಂದಿಯ ಮೈ ತುಂಬುತ್ತ ಬಂತು.

ತಿಂಗಳ ಕೊನೆಗೆ ದಲ್ಲಾಳಿ ಬಂದ. ಕೊಟ್ಟಿಗೆಯ ಸಗಣಿ ನೋಡಿದ, ಹಸು ನೋಡಿದ. "ಮೇವು ಎಲ್ಲಿಂದ ತರಿಸ್ತೀರಿ?" ಎಂದ.

"ಬೇಲಿಯಿಂದ," ಎಂದಳು ಮಲ್ಲಾಜಮ್ಮ. "ಹಸು ಮಾರಕ್ಕಿಲ್ಲ. ಬೇಕಾದ್ರೆ ಸಗಣಿ ಕೊಡ್ತೀವಿ, ಹೊತ್ಕೊಂಡು ಹೋಗಿ."

ಚೆನ್ನಯ್ಯ ಮೀಸೆ ತಿರುವಿದ. ಅವನಿಗೆ ಮೀಸೆಯಿಲ್ಲ, ಆದರೂ ತಿರುವಿದ.

ಅಕ್ಕ-ಅಣ್ಣಂದಿರೇ, ನೀವೂ ನಿಮ್ಮ ಬೇಲಿಯ ಪಾಪಾಸುಕಳ್ಳಿ ನೋಡಿ. ಬುಡ ಉಳಿಸಿ ಎಲೆ ಮಾತ್ರ ಕೊಯ್ಯಿರಿ. ಕಣ್ಣಿಗೆ ಕಾಣದ ನವಿರು ಮುಳ್ಳೂ ಹೋಗುವಂತೆ ಸುಡಿ. ಹುಲ್ಲು ಬೆರೆಸದೆ ಹಾಕಬೇಡಿ. ತುಂಡುಗಳನ್ನು ಕಾಡಿಗೆ ಎಸೆಯಬೇಡಿ, ಬಿದ್ದಲ್ಲೇ ಬೇರು ಬಿಟ್ಟು ಕಾಡೆಲ್ಲ ಹಬ್ಬುತ್ತವೆ. ಈ ಬೇಸಿಗೆಯಲ್ಲಿ ನಿಮ್ಮ ಹಸುವಿನ ಹಗ್ಗ ನಿಮ್ಮ ಕೈಯಲ್ಲೇ ಇರಲಿ.