ಬಾಗಿಲು ಹಾಕಿದ್ದು ನಾನೇ

ಆ ಬೆಳಿಗ್ಗೆ ಸರ್ವಮಂಗಳ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಒಂಬತ್ತು ವರ್ಷದ ಮಗಳು ದಾಕ್ಷಾಯಿಣಿ ಟಿ.ವಿ. ಮುಂದೆ ಕೂತು ಅಮ್ಮನ ಸೆರಗು ಎಳೆದಳು. ತಾಯಿ ಮೊರ ಪಕ್ಕಕ್ಕಿಟ್ಟು ರಿಮೋಟ್ ಒತ್ತಿದಳು. ದಿನವೂ ಪಾಠ ಮಾಡುವ ಟೀಚರ ಮುಖ ಬರಬೇಕಾದ ಜಾಗದಲ್ಲಿ ನನ್ನದೊಂದು ಸಾಲು ಬಂತು: ‘ಈ ಚಾನೆಲ್ ನಿಮ್ಮ ಮನೆಗೆ ಸುರಕ್ಷಿತವಲ್ಲ. ತೆಗೆದುಹಾಕಲಾಗಿದೆ.’

ಆ ಸಾಲು ಸುಳ್ಳೆಂದು ನನಗೆ ಗೊತ್ತಿತ್ತು. ಆದರೂ ತೋರಿಸಿದೆ.

ನಾನು ಒಂದು ಕಪ್ಪು ಪೆಟ್ಟಿಗೆ. ಗಾತ್ರ ಒಂದು ಕೊಬ್ಬರಿ ಗಿಟುಕಿನಷ್ಟು. ಇಂಟರ್‌ನೆಟ್‌ನಿಂದ ಬರುವ ಹಾಡು, ಪಾಠ, ಸಿನಿಮಾಗಳನ್ನು ಟಿ.ವಿ.ಗೆ ದಾಟಿಸುವುದು ನನ್ನ ಕೆಲಸ. ಹುಟ್ಟಿದ್ದು ಕಾರ್ಖಾನೆಯ ಉದ್ದನೆಯ ಮೇಜಿನ ಮೇಲೆ. ಕೈಗವಸು ತೊಟ್ಟ ಹೆಂಗಸೊಬ್ಬಳು ನನ್ನ ಹೊಟ್ಟೆಯಡಿ ಕಂಪನಿಯ ಫೋನ್ ನಂಬರಿನ ಚೀಟಿ ಅಂಟಿಸಿ, ಮಗುವಿನ ಬೆನ್ನು ತಟ್ಟಿದಂತೆ ಒಮ್ಮೆ ತಟ್ಟಿ ಮುಂದಕ್ಕೆ ತಳ್ಳಿದಳು. ಅವಳ ಮುಖ ನೋಡಲಾಗಲಿಲ್ಲ.

ನನ್ನನ್ನು ಕೊಂಡವನು ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸ್‌ನ ಅಲ್ತಾಫ್. ಸಿಗ್ನಲ್ ರಿಪೇರಿ ಮಾಡುವವನು. ಮೊದಲ ದಿನವೇ ನನ್ನ ಒಳಗೆಲ್ಲ ತಡಕಿ, ಕಂಪನಿಯ ಆನ್‌ಲೈನ್ ಅಂಗಡಿಯಲ್ಲಿ ಇಲ್ಲದ ಚಾನೆಲ್‌ಗಳನ್ನೂ ಸೇರಿಸಿಕೊಳ್ಳುವ ಅನುಮತಿ ಹುಡುಕಿ ತೆರೆದ. ಆಗ ಅದಕ್ಕೆ ಯಾರ ಅಡ್ಡಿಯೂ ಇರಲಿಲ್ಲ.

ಅವನಿಗೆ ಗುಂತಕಲ್ಲಿಗೆ ವರ್ಗವಾದಾಗ ನಾನು ಪಕ್ಕದ ಮನೆಯ ಸರ್ವಮಂಗಳಳ ಕೈ ಸೇರಿದೆ. ಕೊಡುವಾಗ ಅವನು ಹೇಳಿದ:

“ಮಂಗಳಕ್ಕ, ಇದರಲ್ಲಿ ತಿಪಟೂರಿನ ಟೀಚರೊಬ್ರ ಚಾನೆಲ್ ಹಾಕಿದೀನಿ. ಮಾತು ತಡೆಯೋ ಮಕ್ಕಳಿಗೆ ಪಾಠ ಮಾಡ್ತಾರೆ. ನಮ್ ದಾಕ್ಷಿಗೆ ಆಗ್ಬೋದು, ನೋಡಿ.”

ದಾಕ್ಷಿಗೆ ಮಾತು ತಡೆಯುತ್ತಿತ್ತು. ತನ್ನ ಹೆಸರಿನ ಮೊದಲ ಅಕ್ಷರವೇ ನಾಲಿಗೆಗೆ ಕಚ್ಚಿಕೊಳ್ಳುತ್ತಿತ್ತು. ಶಾಲೆಯಲ್ಲಿ ಯಾರಾದರೂ ಹೆಸರು ಕೇಳಿದರೆ ನೋಟ್‌ಬುಕ್ಕಿನ ರಟ್ಟು ತೋರಿಸಿ ಸುಮ್ಮನಾಗುತ್ತಿದ್ದಳು. ಅಪ್ಪ ಗೂಡ್ಸ್ ರೈಲಿನ ಗಾರ್ಡು, ಮನೆಯಲ್ಲಿರುತ್ತಿದ್ದದ್ದು ಅಪರೂಪ. ಸ್ಮಾರ್ಟ್‌ಫೋನು ಅವನ ಜೇಬಿನಲ್ಲಿ ಊರೂರು ಸುತ್ತುತ್ತಿತ್ತು. ಮನೆಗೆ ಉಳಿದದ್ದು ಗುಂಡಿಯ ಫೋನು ಮತ್ತು ನಾನು.

ತಿಪಟೂರಿನ ಆ ಪ್ರೇಮಲೀಲಾ ಟೀಚರ ಪಾಠದಲ್ಲಿ ದೊಡ್ಡ ವಿದ್ಯೆಯೇನೂ ಇರಲಿಲ್ಲ. ಎದುರು ಕೂತ ಮಕ್ಕಳಿಗೆ ಒಂದು ಪ್ರಶ್ನೆ ಕೇಳುತ್ತಿದ್ದರು. ಆಮೇಲೆ ಅಂಗೈ ಬಿಚ್ಚಿ ಮಡಿಲ ಮೇಲಿಟ್ಟು ಕಾಯುತ್ತಿದ್ದರು. ನಡುವೆ ಬಾಯಿ ಹಾಕುತ್ತಿರಲಿಲ್ಲ, ಮಕ್ಕಳ ಮಾತನ್ನು ತಾವು ಪೂರ್ತಿ ಮಾಡುತ್ತಿರಲಿಲ್ಲ. “ಗಾಡಿ ಸಿಗ್ನಲ್‌ನಲ್ಲಿ ನಿಂತಿದೆ. ಬರ್ಲಿ ಬಿಡಿ,” ಎನ್ನುತ್ತಿದ್ದರು. ಆ ಕಾಯುವಿಕೆಯನ್ನು ಹೊತ್ತು ತರುತ್ತಿದ್ದವನು ನಾನು. ಅದು ನನ್ನ ಬದುಕಿನ ಒಳ್ಳೆಯ ಕಾಲ. ಐದು ತಿಂಗಳಲ್ಲಿ ದಾಕ್ಷಿ ಅಂಗಡಿಗೆ ಹೋಗಿ ಬೆಲ್ಲ ಕೇಳಿ ತಂದಳು.

ಆಮೇಲೊಂದು ದಿನ ನನ್ನನ್ನು ಮಾಡಿದವರಿಂದ ಅಪ್ಪಣೆ ಬಂತು. ಇನ್ನು ಮೇಲೆ ತಮ್ಮ ಅಂಗಡಿಯ ಚಾನೆಲ್ ಮಾತ್ರ ಇರತಕ್ಕದ್ದು, ಹೊರಗಿನವನ್ನೆಲ್ಲ ಅಳಿಸತಕ್ಕದ್ದು. ನನ್ನ ಕೈಯಾರೆ ಟೀಚರನ್ನು ಅಳಿಸಿದೆ.

ಸರ್ವಮಂಗಳ ನನ್ನ ಸಾಲನ್ನು ನಂಬಿದಳು. ಅಚ್ಚಾಗಿ ಬಂದದ್ದನ್ನು ನಂಬುವ ಹೆಂಗಸು ಅವಳು. “ಆ ಟೀಚರ್ ಏನೋ ಮೋಸ ಮಾಡ್ತಿದ್ರಂತೆ ಕಣೆ, ಪುಟ್ಟಿ. ಬಿಡು,” ಎಂದಳು. ಹೆಪ್ಪಿಗೆ ಮೊಸರು ಕೇಳಲು ಬಂದ ಎದುರು ಮನೆಯ ನಿಂಗಮ್ಮ, “ಪುಕ್ಸಟ್ಟೆ ಬಂದದ್ದು ಹಂಗೇ ಹೋಗೋದು, ತಗೊ,” ಎಂದು ನಕ್ಕಳು. ದಾಕ್ಷಿ ನನ್ನ ಕಡೆ ನೋಡಿದಳು. ಅವಳ ತುಟಿಯ ಮೇಲೆ ಒಂದು ಪ್ರಶ್ನೆ ಬಂದು ನಿಂತು, ಹಿಂದಕ್ಕೆ ಹೋಯಿತು. ಅಂದಿನಿಂದ ನೋಟ್‌ಬುಕ್ಕಿನ ರಟ್ಟು ಮತ್ತೆ ಮುಂದೆ ಬಂತು. ಬೆಲ್ಲಕ್ಕೆ ಅಮ್ಮನೇ ಹೋದಳು.

ಈಗ ನಾನು ಡ್ರಾಯರಿನಲ್ಲಿ, ರಬ್ಬರ್‌ಬ್ಯಾಂಡು, ಸವೆದ ಶೆಲ್ಲುಗಳ ಜೊತೆ ಇದ್ದೇನೆ. ಯಾರೂ ಬೈಯುವುದಿಲ್ಲ. ಬೈದಿದ್ದರೆ ಸ್ವಲ್ಪ ಹಗುರಾಗುತ್ತಿತ್ತೇನೋ. ಒಂದು ಮನೆಯ ಅನ್ನದ ವಾಸನೆ ಉಂಡು, ಇನ್ನೊಬ್ಬರ ಮಾತು ಕೇಳಿದವನು ನಾನು. ಈ ಡ್ರಾಯರಿಗೆ ಬಂದ ದಿನದ ಸಂಗತಿಯೊಂದನ್ನು ಹೇಳಿಬಿಡುತ್ತೇನೆ.

ಮಗಳ ಮೌನ ತಡೆಯಲಾರದೆ, ಹನ್ನೆರಡನೆಯ ದಿನ ಸರ್ವಮಂಗಳ ನನ್ನನ್ನು ಕಿತ್ತು, ಮಗುಚಿ, ಆ ಚೀಟಿಯ ನಂಬರಿಗೆ ಫೋನ್ ಮಾಡಿದಳು. ಅವರೆಕಾಯಿ ಸುಲಿಯುತ್ತಲೇ ಸ್ಪೀಕರ್ ಹಾಕಿದಳು.

“ಆ ಟೀಚರ್ ಏನ್ ತಪ್ಪು ಮಾಡಿದ್ರು, ಸರ್?”

“ತಪ್ಪೇನಿಲ್ಲ ಮೇಡಂ. ನಮ್ಮ ಪಟ್ಟಿಯಲ್ಲಿ ಅವರ ಚಾನೆಲ್ ಇಲ್ಲ, ಅಷ್ಟೆ. ಕಂಪನಿ ರೂಲ್ಸು.”

ಅವಳ ಕೈ ಅವರೆಯಲ್ಲೇ ನಿಂತಿತು. ಏನೂ ತಪ್ಪು ಮಾಡದವರನ್ನು ಮೋಸಗಾರರೆಂದು ಮಗಳಿಗೆ ಹೇಳಿದ್ದಳು. ಮುಖ ಬಾಡಿತು. ನನಗೋ, ಮುಚ್ಚಿಕೊಳ್ಳಲು ಮುಖವೂ ಇರಲಿಲ್ಲ.

ಅಷ್ಟರಲ್ಲಿ ದಾಕ್ಷಿ ನನ್ನನ್ನು ಎತ್ತಿಕೊಂಡು ಫೋನಿನ ಹತ್ತಿರ ಬಗ್ಗಿದಳು. ತುಟಿ ಅದುರಿತು.

“ಹಲೋ? ಯಾರು ಮಾತಾಡ್ತಿರೋದು? ಕೇಳಿಸ್ತಿಲ್ಲ.”

ತಾಯಿ ಉತ್ತರ ಕೊಡಲು ಬಾಯಿ ತೆರೆದವಳು ಮುಚ್ಚಿಕೊಂಡಳು. ಅವರೆ ಸಿಪ್ಪೆ ಕೊಡವಿ, ಅಂಗೈ ಬಿಚ್ಚಿ ಮಡಿಲ ಮೇಲಿಟ್ಟಳು.

“ಹಲೋ? ಕಟ್ ಮಾಡ್ಲಾ, ಮೇಡಂ?”

“ಸ್ವಲ್ಪ ಇರಿ, ಸರ್,” ಎಂದಳು ಸರ್ವಮಂಗಳ. “ಬರ್ತಾ ಇದೆ.”

ಮಗುವಿನ ಬೆವೆತ ಬೆರಳುಗಳಲ್ಲಿ ನಾನಿನ್ನೂ ಬೆಚ್ಚಗಿದ್ದೆ.

“ನಾನು... ದ... ದ... ದಾಕ್ಷಾಯಿಣಿ,” ಎಂದಳು. ಉಸಿರು ತೆಗೆದುಕೊಂಡಳು. “ಅಣ್ಣಾ, ಈ ಪೆಟ್ಟಿಗೆ ನಮ್ದಾ, ನಿ... ನಿಮ್ದಾ?”