ಹಿರೇಕೆರೆಗೆ ಗಂಗೆಪೂಜೆ

ಲಿಂಗನಮಕ್ಕಿ ಕಟ್ಟೆಯ ನೀರು ಊರನ್ನು ನುಂಗಿದ ಮೇಲೆ ಹುಲಿಯಮ್ಮನ ಮನೆಯವರು ಹೊಸನಗರದ ಕಡೆ ಬಂದು ನೆಲೆಯಾದರು. ಅದು ಅಲ್ಲಿಯ ಎರಡನೇ ವರ್ಷ. ಸಂಕ್ರಾಂತಿ ಕಳೆದು ಸೊಸೆ ಪುಷ್ಪಮ್ಮ ಹೆಣ್ಣುಮಗು ಹೆತ್ತಳು. ಹೆತ್ತವಳು ಗಂಗೆಪೂಜೆ ಮಾಡುವ ತನಕ ಬಾವಿಯ ಹಗ್ಗ ಮುಟ್ಟುವಂತಿಲ್ಲ. ಹೊಸ ಮನೆಯ ಅಂಗಳದಲ್ಲೇ ಬಾವಿಯಿತ್ತು. ಅಲ್ಲೇ ಪೂಜೆ ಮುಗಿಸೋಣವೆಂದರೆ ಹುಲಿಯಮ್ಮ ಒಪ್ಪಲಿಲ್ಲ.

“ನಮ್ಮನೆ ಬಾಣಂತೀರೆಲ್ಲ ನಮ್ಮೂರ ಹಿರೇಕೆರೆಗೇ ಪೂಜೆ ಮಾಡಿದ್ದು. ಬೇಸಿಗೇಲಿ ಕಟ್ಟೆ ನೀರು ಇಳೀತದೆ, ಕೆರೆ ಏರಿ ಕಾಣ್ತದೆ. ಅಲ್ಲೀತನಕ ನಾನೇ ಸೇದ್ತೀನಿ.”

ಕಣ್ಣಿಗೆ ಪೊರೆ ಬಂದ, ಮಂಡಿ ಹಿಡಿದುಕೊಂಡ ಮುದುಕಿ ದಿನಾ ಕೊಡ ಎತ್ತುವುದನ್ನು ಪುಷ್ಪಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಒಮ್ಮೆ ಕಾಲು ಜಾರಿ ಹುಲಿಯಮ್ಮ ಬಾವಿಕಟ್ಟೆಗೆ ಹಣೆ ಬಡಿದುಕೊಂಡಳು. ಆಗಲೂ ಹಗ್ಗ ಬಿಡಲಿಲ್ಲ.

ಸಂಜೆ ಮೊಮ್ಮಗಳನ್ನು ಕಾಲ ಮೇಲೆ ಮಲಗಿಸಿಕೊಂಡರೆ ಹಿರೇಕೆರೆಯದೇ ಮಾತು. ಕೆರೆಬೇಟೆಯ ದಿನ ಊರೆಲ್ಲ ಕೂಗು ಹಾಕುತ್ತ ಬಿದಿರಿನ ಕೂಣಿ ಹಿಡಿದು ನೀರಿಗೆ ಇಳಿಯುತ್ತಿದ್ದದ್ದು, ಎಲ್ಲರ ಕೂಣಿಗೂ ಮೀನು ಬಿದ್ದರೆ ಗಂಡ ಹುಲಿಯಪ್ಪನ ಕೂಣಿಗೆ ಆಮೆ ಬಿದ್ದದ್ದು, ಅದನ್ನು ಕೊಟ್ಟಿಗೆಯಲ್ಲಿ ಬುಟ್ಟಿ ಕವುಚಿ ಇಟ್ಟರೆ ಬೆಳಗಾಗುವಷ್ಟರಲ್ಲಿ ಮಾಯವಾದದ್ದು. ಕಥೆಯ ಕೊನೆಗೆ ಸೊಸೆಯ ತವರಿನ ಮಾವಿನಕೆರೆಗೊಂದು ಚುಚ್ಚು.

“ನಿನ್ನವ್ವನ ಊರಿನ ಕೆರೇಲಿ ಎಂತ ಇತ್ತೇ ಕೂಸೇ? ಕಪ್ಪೆ. ಇವಳಪ್ಪ ಕೆರೆ ಮೆಟ್ಟಿಲಿಗೆ ಒಡೆದ ಬೀಸುಕಲ್ಲು ಹಾಕಿದ್ದ ಮಾರಾಯ್ತಿ. ಕಲ್ಲಿಗೂ ಬಡತನದ ಊರು.”

ಪುಷ್ಪಮ್ಮ ನಗುತ್ತಿದ್ದಳು. ಮಾವಿನಕೆರೆಯೂ ಮುಳುಗಿತ್ತು. ಅದರ ಮಾತು ಎತ್ತುವವರು ಅತ್ತೆ ಒಬ್ಬರೇ.

ವೈಶಾಖದಲ್ಲಿ ನೀರು ಇಳಿದಿದೆಯೆಂದು ಸುದ್ದಿ ಬಂತು. ಪುಷ್ಪಮ್ಮನ ಗಂಡ ಮಾಸ್ತಪ್ಪ ಗಾಡಿ ಕಟ್ಟಿದ. ಹಿನ್ನೀರಿನ ಅಂಚಿಗೆ ಬಂದರೆ ಗುರುತಿಗೆ ಒಂದು ಮರವೂ ಇಲ್ಲ, ಬರೀ ಬಿರುಕುಬಿಟ್ಟ ಕೆಸರು, ಮರದ ಬೊಡ್ಡೆ. ಎದುರಿಗೆ ಒಂದೇ ಒಂದು ಕೆರೆಯ ಏರಿ ಎದ್ದು ನಿಂತಿತ್ತು.

“ಇದೇ. ನಾನು ಹೇಳ್ಲಿಲ್ವಾ?” ಎಂದು ಹುಲಿಯಮ್ಮ ಮಗನ ಭುಜ ಹಿಡಿದು ಇಳಿದಳು.

ಮಾಸ್ತಪ್ಪ ಆ ಏರಿಯನ್ನು ನೋಡಿ ಹೆಂಡತಿಯ ಮುಖ ನೋಡಿದ. ಹಿರೇಕೆರೆ ಇನ್ನೂ ಆಚೆ, ನೀರಿನಡಿಯಲ್ಲೇ ಇತ್ತು. “ಹೇಳ್ಲಾ?” ಎಂದ ಮೆಲ್ಲಗೆ.

“ಬ್ಯಾಡ.”

ಹೇಳಿದರೆ ಅತ್ತೆ ತಿರುಗಿ ಗಾಡಿ ಹತ್ತುತ್ತಾರೆ, ಇನ್ನೊಂದು ಬೇಸಿಗೆಯ ತನಕ ಆ ಮಂಡಿಯಲ್ಲೇ ನೀರು ಸೇದುತ್ತಾರೆ. ಪುಷ್ಪಮ್ಮ ಮಗುವನ್ನು ಗಂಡನಿಗೆ ಕೊಟ್ಟು, ಕೊಡ ಹಿಡಿದು ಕೆರೆಗೆ ಇಳಿದಳು. ಕೆಸರಿನಡಿ ಅಂಗಾಲಿಗೆ ಗುಂಡನೆಯ ಕಲ್ಲು ಸಿಕ್ಕಿತು, ನಡುವೆ ಕುಳಿ. ಆ ಕುಳಿಯಲ್ಲಿ ಸೀಗೆಪುಡಿ ಇಟ್ಟುಕೊಂಡು ಚಿಕ್ಕಂದಿನಲ್ಲಿ ಅವಳವ್ವ ಅವಳ ತಲೆ ತಿಕ್ಕುತ್ತಿದ್ದಳು. ಪುಷ್ಪಮ್ಮ ಅಲ್ಲೇ ಕೂತು ನೀರಿಗೆ ಅರಿಶಿನ ಕುಂಕುಮ ಹಾಕಿ, ವೀಳ್ಯದೆಲೆ ಅಡಿಕೆ ಬಿಟ್ಟು ಕೈಮುಗಿದಳು.

ಹುಲಿಯಮ್ಮ ತೆವಳುತ್ತ ಪಕ್ಕಕ್ಕೆ ಬಂದು, ಊರಿಕೊಳ್ಳಲು ಕೈ ಚಾಚಿದಳು. ಬೆರಳು ಕುಳಿಗೆ ಇಳಿಯಿತು. ಅಂಚಿನಗುಂಟ ಸವರುತ್ತ ಹೋಗಿ ಒಡೆದ ಜಾಗದಲ್ಲಿ ನಿಂತಿತು.

“ಪುಷ್ಪಾ.”

“ಎಂತ ಅತ್ತೆ?”

“ನಿನಗೆ ಮೊದ್ಲೇ ಗೊತ್ತಿತ್ತು.”

“ಇತ್ತು.”

“ಹೇಳಿದ್ರೆ ಬಾಯಿ ಸವೀತಿತ್ತಾ?”

“ಹೇಳಿದ್ರೆ ನೀವು ಪೂಜೆ ಬಿಡಿಸ್ತಿದ್ರಿ.”

ಹುಲಿಯಮ್ಮ ಆಚೆಯ ನೀರಿನ ಕಡೆ ಮುಖ ತಿರುಗಿಸಿದಳು. ಮೇಲೆ ಗಾಡಿಯ ಎತ್ತು ಗಂಟೆ ಅಲ್ಲಾಡಿಸಿತು. ಆಮೇಲೆ ತಟ್ಟೆಯಲ್ಲಿ ಉಳಿದ ಕುಂಕುಮ ತೆಗೆದು ಬೀಸುಕಲ್ಲಿಗೆ ಹಚ್ಚಿದಳು.

“ಕೊಡ ತುಂಬ್ಸು. ನಾಳೆಯಿಂದ ಬಾವಿ ನಿಂದು. ನನ್ನ ಸೊಂಟ ಬಿದ್ದುಹೋಗ್ಯದೆ.”

ಗಾಡಿ ಹೊರಟಿತು. ಮಗು ರಗಳೆ ಮಾಡಿದ್ದಕ್ಕೆ ಹುಲಿಯಮ್ಮ ಮತ್ತೆ ಆಮೆಯ ಕಥೆ ತೆಗೆದಳು. ಕೂಣಿ, ಕೊಟ್ಟಿಗೆ, ಬುಟ್ಟಿ ಎಲ್ಲ ಬಂತು. ಆಮೆ ಮಾಯವಾದಲ್ಲಿಗೆ ಕಥೆ ಯಾವತ್ತೂ ಮುಗಿಯುತ್ತಿತ್ತು. ಇವತ್ತು ಮುಗಿಯಲಿಲ್ಲ.

“ಎಲ್ಲಿಗೆ ಹೋಯ್ತು ಹೇಳು ಕೂಸೇ? ಮಾವಿನಕೆರೆಗೆ ಹೋಗಿತ್ತು. ಅಲ್ಲಿ ಕೂರಕ್ಕೆ ಒಂದು ಒಳ್ಳೆ ಕಲ್ಲಿತ್ತಂತೆ.”

ಮಾಸ್ತಪ್ಪ ಹಿಂದೆ ತಿರುಗದೆ ನಕ್ಕ. ಪುಷ್ಪಮ್ಮ ನೀರು ತುಳುಕದ ಹಾಗೆ ಕೊಡದ ಬಾಯಿಗೆ ಅಂಗೈ ಮುಚ್ಚಿಕೊಂಡು ಕೂತಿದ್ದಳು.