ಮಡಚಿಟ್ಟ ಟ್ರಿಗರ್

ಲೆಫ್ಟಿನೆಂಟ್ ಎನ್ನೋ ಟ್ಯಾರ್ಕ್ಸ್ ಆ ದಿನ ಶತ್ರುಗಳ ಒಂದು ಬಾಂಬರ್ ವಿಮಾನ ಕೆಡವಿ ಬಂದಿದ್ದ. ಆದರೂ ರೆಕ್ಕೆ ಅಲುಗಿಸದೆ ಇಳಿದ. ಕೆಡವಿ ಬಂದವರು ನಿಲ್ದಾಣದ ಮೇಲೆ ತಗ್ಗಿನಲ್ಲಿ ಹಾರಿ ರೆಕ್ಕೆ ಅಲುಗಿಸುವುದು ದಳದ ರೂಢಿ. 1944ರ ಏಪ್ರಿಲ್, ಜರ್ಮನಿಯ ಓಲ್ಡೆನ್‌ಬುರ್ಗ್ ಬಯಲು. ನಾನು ವೆಂಡೆಲಿನ್ ಹಾಫ್, ಅವನ ವಿಮಾನದ ಬಂದೂಕುಗಳು ನನ್ನ ಪಾಲಿನವು. ಎಂಜಿನ್ ನೋಡಿಕೊಳ್ಳುವವನು ಗ್ರೋಟೆ.

ರೆಕ್ಕೆ ಹತ್ತಿ ಗಾಜಿನ ಮುಚ್ಚಳ ತೆಗೆದೆ. ನಾನು ಮೊದಲು ನೋಡುವುದು ಪೈಲಟ್‌ನ ಮುಖವನ್ನಲ್ಲ, ಅವನ ಕಾಲುಗಳ ನಡುವಿನ ಚಾಲನಾ ಕೋಲನ್ನು. ಅದರ ಹಿಡಿಯ ಮುಂದೆ ಟ್ರಿಗರ್ ಇದೆ. ತೋರುಬೆರಳಿನಿಂದ ಒತ್ತಿದರೆ ಮೂತಿಯ ಎರಡು ಮೆಷಿನ್ ಗನ್‌ಗಳು ಗುಂಡು ಹಾರಿಸುತ್ತವೆ. ಹೆಬ್ಬೆರಳ ಗುಂಡಿಗೆ ಎಂಜಿನ್ ನಡುವಿನ ಫಿರಂಗಿ. ಟ್ರಿಗರನ್ನು ಮೇಲಕ್ಕೆ ಮಡಚಿ ಹಿಡಿಯ ತಲೆಯ ಮೇಲೆ ಮಲಗಿಸಿದರೆ ಎರಡನ್ನೂ ಒತ್ತಲಾಗದು. ಮಡಚುವುದನ್ನು ಮರೆತು ಇಳಿದವರಿಗೆ ಅಧಿಕಾರಿಗಳೆಂದೂ ನೋಡದೆ ಬೈದಿದ್ದೇನೆ.

"ಮಡಚಿದೀನಿ, ಬಯ್ಬೇಡ," ಎಂದ ಟ್ಯಾರ್ಕ್ಸ್. "ಈ ಸಲ ಮೇಲೇನೇ ಮಡಚ್ದೆ."

"ಗೊತ್ತು ಸಾರ್. ಕ್ಯಾಪ್ಟನ್ ಹೇಳಿದ್ದು ರೇಡಿಯೊ ಗುಡಿಸಲಲ್ಲಿ ಎಲ್ರಿಗೂ ಕೇಳಿಸ್ತು," ಎಂದ ಗ್ರೋಟೆ.

ನಡೆದದ್ದು ಇಷ್ಟು. ಬಾಂಬರ್ ಉರಿಯುತ್ತಾ ಬಿದ್ದಾಗ ಅದರೊಳಗಿದ್ದವರು ಪ್ಯಾರಾಚೂಟ್ ಕಟ್ಟಿಕೊಂಡು ಹಾರಿದ್ದರು. ತೂಗಾಡುತ್ತಿರುವವರನ್ನು ಮುಗಿಸು ಎಂದು ದಳದ ಮುಖ್ಯಸ್ಥ ಕ್ಯಾಪ್ಟನ್ ಕ್ವಾಸ್ಟ್ ರೇಡಿಯೊದಲ್ಲಿ ಹೇಳಿದ. ಟ್ಯಾರ್ಕ್ಸ್ ಉತ್ತರ ಕೊಡದೆ ನಿಲ್ದಾಣದ ಕಡೆ ತಿರುಗಿದ. ಅವನೇನೂ ಸಾಧುವಲ್ಲ; ಅವನು ಕೆಡವಿದ ವಿಮಾನಗಳಲ್ಲಿ ಸತ್ತವರು ಬಹಳ.

ಕ್ವಾಸ್ಟ್ ತನ್ನ ವಿಮಾನದಿಂದ ಇಳಿದವನೇ ನೇರ ನಮ್ಮ ಬಳಿ ಬಂದ. ಉಳಿದ ಪೈಲಟ್‌ಗಳೂ ಹಿಂದೆಯೇ ಬಂದರು.

"ಬಂದೂಕು ಕೈಕೊಡ್ತು. ಅಲ್ವಾ, ಟ್ಯಾರ್ಕ್ಸ್?"

ಅದು ಪ್ರಶ್ನೆಯಾಗಿರಲಿಲ್ಲ. ಹೌದೆಂದರೆ ವಿಷಯ ಮುಗಿಯಿತು, ಶಿಕ್ಷೆ ನನಗೆ. ಇಲ್ಲವೆಂದರೆ ಅದು ಆಜ್ಞೆ ಮೀರಿದ ಅಪರಾಧ. ಸೈನಿಕ ನ್ಯಾಯಾಲಯ, ಕೊನೆಗೆ ಗುಂಡು. ತಾನು ಹೇಳಿದ ಮಾತನ್ನು ನ್ಯಾಯಾಧೀಶರೆದುರು ಓದಿಸುವ ಆಸೆ ಕ್ವಾಸ್ಟ್‌ಗೂ ಇರಲಿಲ್ಲ.

"ಇಲ್ಲ, ಕ್ಯಾಪ್ಟನ್ ಸಾಹೇಬ್ರೆ."

"ಯೋಚನೆ ಮಾಡಿ ಹೇಳು."

ನಾನು ನಡುವೆ ಬಾಯಿ ಹಾಕಿದೆ. "ಕೋಲಿನ ಬುಡದ ಪ್ಲಗ್ ಸಡಿಲ ಆಗಿರ್ಬೋದು ಸಾಹೇಬ್ರೆ. ಬೆಳಗ್ಗೆ ನಾನೇ ಹಾಕಿದ್ದು."

"ಕೇಳ್ದ್ಯಾ? ಹಾಫ್ ಒಪ್ಕೊಂಡ."

"ಹಾಗಾದ್ರೆ ನೋಡೇಬಿಡೋಣ," ಎಂದ ಟ್ಯಾರ್ಕ್ಸ್. "ಬಂದೂಕು ಪರೀಕ್ಷೆ ಮಾಡೋ ಮರಳ ದಿಬ್ಬ ಅಲ್ಲೇ ಇದೆಯಲ್ಲ."

ಅಷ್ಟು ಜನರೆದುರು ಕ್ವಾಸ್ಟ್‌ಗೆ ಬೇಡವೆನ್ನಲಾಗಲಿಲ್ಲ. ವಿಮಾನವನ್ನು ದಿಬ್ಬದ ಮುಂದಕ್ಕೆ ತಳ್ಳಿ, ಮೂತಿ ದಿಬ್ಬಕ್ಕೆ ನೇರವಾಗುವಂತೆ ಬಾಲವನ್ನು ಎತ್ತಿ ಮರದ ಕಾಲುಮಣೆಯ ಮೇಲೆ ಇರಿಸಿದೆವು.

"ಇವನಿಗೆ ಬದುಕೋದು ಬೇಜಾರಾಗಿದೆ ಕಣೋ, ವೆಂಡೆಲ್," ಎಂದ ಗ್ರೋಟೆ ಮೆಲ್ಲಗೆ.

"ಬಾಯ್ಮುಚ್ಕೊಂಡು ಬಾಲ ಹಿಡಿ."

ಟ್ಯಾರ್ಕ್ಸ್ ಒಳಗೆ ಕುಳಿತ. ಪ್ಲಗ್ ನೋಡುವ ನೆಪದಲ್ಲಿ ನಾನು ಬಗ್ಗಿದೆ. ಆ ಮೆಷಿನ್ ಗನ್‌ಗಳ ಗುಂಡು ಸಿಡಿಯುವುದೇ ವಿದ್ಯುತ್ತಿನಿಂದ. ಪ್ಲಗ್ ಸ್ವಲ್ಪ ಹೊರಗೆಳೆದರೆ ಸಾಕು, ಒಂದೂ ಹಾರದು. ಬೆರಳಿಟ್ಟೆ. ಅವನು ನನ್ನ ಮಣಿಕಟ್ಟು ಹಿಡಿದ.

"ಬಿಡು."

"ಎರಡು ವಾರ ಕತ್ತಲೆ ಕೋಣೆ ಸಾರ್, ಅಷ್ಟೇ. ನಂಗೇನೂ ದೊಡ್ಡದಲ್ಲ."

"ನಂಗೆ ದೊಡ್ಡದು. ಬಂದೂಕು ಕೆಟ್ಟಿತ್ತು ಅಂದ್ರೆ, ಕೆಡದಿದ್ರೆ ಹೊಡೀತಿದ್ದ ಅಂತ ಆಗುತ್ತೆ. ನಾನು ಹೊಡೀತಿರ್ಲಿಲ್ಲ."

ಪ್ಲಗ್ಗನ್ನು ಒಳಕ್ಕೆ ಒತ್ತಿ ಭದ್ರ ಮಾಡಿ ಕೆಳಗಿಳಿದೆ.

ಅವನು ಟ್ರಿಗರನ್ನು ಕೆಳಕ್ಕೆ ಬಿಡಿಸಿ ಒತ್ತಿದ. ದಿಬ್ಬದ ಮರಳು ಗೋಡೆಯಂತೆ ಎದ್ದಿತು. ಫಿರಂಗಿಯೂ ಸಿಡಿಯಿತು. ಆಮೇಲೆ ಟ್ರಿಗರ್ ಮಡಚಿ, ಎದ್ದು ನಿಂತ.

"ಬಂದೂಕು ಸರಿ ಇದೆ, ಸಾಹೇಬ್ರೆ. ಟ್ರಿಗರ್ರೂ ಸರಿ ಇದೆ. ಕೆಳಗೂ ಬರುತ್ತೆ, ಮೇಲೂ ಹೋಗುತ್ತೆ. ವಿಮಾನ ಕೆಡವು ಅನ್ನಿ, ಕೆಡವ್ತೀನಿ. ದೂರು ಬರೀಬೇಕು ಅಂದ್ರೆ ಬರೀರಿ, ಆದ್ರೆ ನೀವು ಮೇಲೆ ಹೇಳಿದ ಮಾತು ಮೊದ್ಲು ಬರೀರಿ."

"ನಿನ್ನನ್ನ ಗೋಡೆಗೆ ನಿಲ್ಲಿಸಿ ಹೊಡೆಸಬಲ್ಲೆ."

"ನಿಲ್ಲಿಸಿ. ಅಲ್ಲೂ ಇದನ್ನೇ ಹೇಳ್ತೀನಿ."

ಕ್ವಾಸ್ಟ್ ಸುತ್ತ ನಿಂತವರನ್ನು ನೋಡಿದ. ಅವರಲ್ಲೊಬ್ಬನ ಗಾಯದ ಕೈ ಕುತ್ತಿಗೆಗೆ ಕಟ್ಟಿದ ಪಟ್ಟಿಯಲ್ಲಿತ್ತು. ಹಿಂದಿನ ವಾರ ಅವನೂ ಪ್ಯಾರಾಚೂಟ್‌ನಲ್ಲಿ ತೂಗಾಡುತ್ತಲೇ ನೆಲ ಮುಟ್ಟಿದವನು. ಆತ ಕಣ್ಣು ತಗ್ಗಿಸಲಿಲ್ಲ. ಉಳಿದವರೂ ತಗ್ಗಿಸಲಿಲ್ಲ.

"ನಾಳೆ ನನ್ನ ಪಕ್ಕದಲ್ಲಿ ಹಾರ್ತೀಯ," ಎಂದು ಕ್ವಾಸ್ಟ್ ಹೊರಟುಹೋದ.

ಮರುದಿನ ನಾನೂ ಗ್ರೋಟೆಯೂ ರೇಡಿಯೊ ಗುಡಿಸಲಿನಲ್ಲೇ ಕುಳಿತೆವು. ಬಾಂಬರ್ ಕೆಡವಿದೆನೆಂದು ಪೈಲಟ್ ಒಬ್ಬ ರೇಡಿಯೊದಲ್ಲಿ ಹೇಳಿದ. ಪ್ಯಾರಾಚೂಟ್‌ಗಳು ಬಿಚ್ಚಿಕೊಂಡವೆಂದು ಇನ್ನೊಬ್ಬ. ಕ್ವಾಸ್ಟ್ "ಟ್ಯಾರ್ಕ್ಸ್" ಎಂದ. ಅಷ್ಟೇ. ಗ್ರೋಟೆ ತುಟಿಗಿಟ್ಟ ಸಿಗರೇಟಿಗೆ ಬೆಂಕಿ ಹಚ್ಚಲೇ ಇಲ್ಲ.

"ನಾನು ಮಡಚಿದೀನಿ, ಸಾಹೇಬ್ರೆ," ಎಂದಿತು ಟ್ಯಾರ್ಕ್ಸ್‌ನ ದನಿ, ಎಲ್ಲರಿಗೂ ಕೇಳುವಂತೆ.

ಬರೀ ಗುಂಯ್‌ಗುಡುವ ಸದ್ದು. ಆಮೇಲೆ ಕ್ವಾಸ್ಟ್: "ಎಲ್ರೂ ವಾಪಸ್."

ಟ್ಯಾರ್ಕ್ಸ್ ಕೊನೆಯವನಾಗಿ ಬಂದ. ಕ್ಯಾಪ್ಟನ್ ಕಚೇರಿಯ ಕಿಟಕಿ ಗಾಜು ನಡುಗುವಷ್ಟು ತಗ್ಗಿನಲ್ಲಿ ಹಾರುತ್ತಾ ರೆಕ್ಕೆ ಅಲುಗಿಸಿದ.

"ಇವತ್ತು ಕೆಡವಿದ್ದು ಬೇರೆಯವನಲ್ವೇನೋ," ಎಂದ ಗ್ರೋಟೆ. "ಇವನ್ಯಾಕೆ ಅಲುಗಿಸ್ತಾನೆ?"

ಟ್ಯಾರ್ಕ್ಸ್ ತಿರುಗಿ ಬಂದು ಮತ್ತೊಮ್ಮೆ ಅಲುಗಿಸಿದ.